‘ಕಪ್ಪು ಚಿಟ್ಟೆ, ಮೇಲೆ ನೀಲಿ ಇತ್ತು, ಯಾವುದದು?’

(ಬೆಂಗಳೂರಿನ ಬಡಾವಣೆಯೊಂದರ ವಾಚನಾಲಯದಲ್ಲಿ, ಕೈತೋಟದ ಹವ್ಯಾಸ ಇರುವವರ ಮುಂದೆ ಆಡಿದ ಮಾತುಗಳ ಬರಹ ರೂಪ)

ಚಿಟ್ಟೆ ನೋಡುವವರ ಮೊಬೈಲಿಗೆ ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ ಒಂದಿದೆ. “ಈಗಷ್ಟೇ ನಮ್ಮ ಗೇಟಿನ ಹತ್ತಿರ ಒಂದು ಕಪ್ಪು ಚಿಟ್ಟೆ ಹಾರಿಹೋಯ್ತು, ಮೇಲೆ ನೀಲಿ ಇತ್ತು, ಯಾವುದದು?” ಫೋಟೋ ಇರುವುದಿಲ್ಲ. ಇದ್ದರೂ ಹಿಂದಿನ ಕಾಂಪೌಂಡು ಸ್ಪಷ್ಟವಾಗಿ ಬಂದಿರುತ್ತದೆ, ಚಿಟ್ಟೆ ಮಸುಕು. ಇವತ್ತು ಈ ಒಂದೇ ಪ್ರಶ್ನೆ ಹಿಡಿದುಕೊಂಡು ಮಾತಾಡೋಣ ಅಂತ ಬಂದಿದ್ದೇನೆ.

ಬೆಂಗಳೂರು ಮತ್ತು ಸುತ್ತಮುತ್ತ 150ಕ್ಕೂ ಹೆಚ್ಚು ಬಗೆಯ ಚಿಟ್ಟೆಗಳಿವೆ. ‘ಕಪ್ಪು, ನೀಲಿ’ ಅನ್ನುವ ಮಾತಿಗೆ ಹೊಂದುವಂಥವು ಅದರಲ್ಲಿ ಕಡಿಮೆ ಅಂದರೂ ಒಂದು ಡಜನ್ ಸಿಗುತ್ತವೆ. ಹಾಗಾಗಿ ಬಣ್ಣ ಕೇಳಿ ಹೆಸರು ಹೇಳುವುದು ಆಗದ ಕೆಲಸ. ನಾನು ತಿರುಗಿ ಕೇಳುವುದೇ ಬೇರೆ. ಎಷ್ಟು ದೊಡ್ಡದಿತ್ತು? ಹೇಗೆ ಹಾರುತ್ತಿತ್ತು? ಯಾವ ಗಿಡದ ಹತ್ತಿರ ಸುಳಿದಾಡುತ್ತಿತ್ತು? ತಿಂಗಳು ಯಾವುದು? ಇಷ್ಟು ಗೊತ್ತಾದರೆ ಬಣ್ಣದ ಮಾತೇ ಬೇಡ, ಎಷ್ಟೋ ಸಲ ಹೆಸರು ತಾನಾಗೇ ಬಂದುಬಿಡುತ್ತದೆ. ಅದರಲ್ಲೂ ಗಿಡ. ಚಿಟ್ಟೆಯ ಹುಳು ಸಿಕ್ಕಿದ ಸೊಪ್ಪನ್ನೆಲ್ಲ ತಿನ್ನುವುದಿಲ್ಲ. ಒಂದೊಂದು ಜಾತಿಗೂ ಇಂತಿಂಥದೇ ಗಿಡ ಅಂತ ಇದೆ. ಆ ಗಿಡ ಗೊತ್ತಿದ್ದರೆ ಚಿಟ್ಟೆ ಅರ್ಧ ಸಿಕ್ಕ ಹಾಗೆ.

ಮೊದಲು ದೊಡ್ಡದನ್ನು ನೋಡೋಣ. ರೆಕ್ಕೆ ಬಿಚ್ಚಿದರೆ 12ರಿಂದ 15 ಸೆಂಟಿಮೀಟರ್. ಕಡುಗಪ್ಪು ಮೈ. ಹಿಂದಿನ ರೆಕ್ಕೆಯ ತುಂಬ ತಿಳಿನೀಲಿ, ಆ ನೀಲಿಯ ಒಳಗೆ ಮತ್ತೆ ಕಪ್ಪು ಚುಕ್ಕಿಗಳ ಸಾಲು. ಇದು ಬ್ಲೂ ಮಾರ್ಮನ್. ನಮ್ಮ ದೇಶದ ಅತಿ ದೊಡ್ಡ ಚಿಟ್ಟೆಗಳಲ್ಲಿ ಇದೂ ಒಂದು. ಮಹಾರಾಷ್ಟ್ರದವರು 2015ರಲ್ಲೇ ಇದನ್ನು ತಮ್ಮ ರಾಜ್ಯದ ಚಿಟ್ಟೆ ಅಂತ ಮಾಡಿಕೊಂಡರು. ಕರ್ನಾಟಕದ್ದು ಸದರ್ನ್ ಬರ್ಡ್‌ವಿಂಗ್, ಅದು ಕಪ್ಪು ಮತ್ತು ಹಳದಿ, ಮುಖ್ಯವಾಗಿ ಪಶ್ಚಿಮ ಘಟ್ಟದ್ದು. ಅದನ್ನು ನೋಡಬೇಕಾದರೆ ಘಟ್ಟದ ಕಡೆ ಹೋಗುವುದೇ ಸರಿ. ಬ್ಲೂ ಮಾರ್ಮನ್ ಹಾಗಲ್ಲ, ಜಯನಗರದ ನಾಲ್ಕನೇ ಬ್ಲಾಕಿನಲ್ಲೂ ಟ್ರಾಫಿಕ್ ಮೇಲೆ ದಾಟಿಕೊಂಡು ಹೋಗುತ್ತದೆ.

ಇದರ ಹಿಂದಿನ ರೆಕ್ಕೆಗೆ ಬಾಲ ಇರುವುದಿಲ್ಲ. ಕರಿಬೇವಿನ ಗಿಡದ ಹತ್ತಿರ ನೀವು ದಿನಾ ನೋಡುವ ಕಾಮನ್ ಮಾರ್ಮನ್‌ಗೆ ಬಾಲ ಇದೆ. ಇನ್ನೊಂದು, ಇದು ರೆಕ್ಕೆ ಮುಚ್ಚಿ ಕೂತಾಗ ರೆಕ್ಕೆಯ ಬುಡದಲ್ಲಿ, ಮೈಗೆ ಅಂಟಿದ ಜಾಗದಲ್ಲಿ, ಕೆಂಪು ಗುರುತುಗಳು ಕಾಣುತ್ತವೆ. ಅದನ್ನು ನೋಡಿ ‘ಇದು ಬೇರೆ ಚಿಟ್ಟೆ, ಕೆಂಪಿದೆ’ ಅಂತ ಬರೆಯುವವರು ಬೇಕಾದಷ್ಟು ಜನ. ಎರಡೂ ಒಂದೇ.

ಗಂಡು ಹೆಣ್ಣು ಅಂತ ದೂರದಿಂದಲೇ ಹೇಳುವುದಕ್ಕೆ ಹಾರಾಟ ನೋಡಿ. ಗಂಡಿಗೆ ನಿಲ್ಲುವ ವ್ಯವಧಾನವೇ ಇಲ್ಲ. ರಸ್ತೆ ಉದ್ದಕ್ಕೂ ರಭಸವಾಗಿ ಹೋಗುತ್ತದೆ, ಸ್ವಲ್ಪ ಹೊತ್ತಿಗೆ ಅದೇ ದಾರಿಯಲ್ಲಿ ವಾಪಸ್ ಬರುತ್ತದೆ. ಹೆಣ್ಣಿನ ಬಣ್ಣ ಸ್ವಲ್ಪ ಮಂಕು. ಅದು ನಿಂಬೆ, ಚಕ್ಕೋತ, ಹೇರಳೆ ಗಿಡಗಳ ಸುತ್ತ ನಿಧಾನವಾಗಿ ಸುತ್ತುತ್ತದೆ. ಒಂದು ಎಲೆ ಮೇಲೆ ಕೂರುತ್ತದೆ, ಮುಂಗಾಲಲ್ಲಿ ಎಲೆಯನ್ನು ಪಟಪಟ ತಟ್ಟುತ್ತದೆ, ಎದ್ದು ಹೋಗುತ್ತದೆ, ಇನ್ನೊಂದು ಎಲೆ ತಟ್ಟುತ್ತದೆ. ಸುಮ್ನೆ ತಟ್ಟುವುದಲ್ಲ ಅದು. ಚಿಟ್ಟೆಗೆ ರುಚಿ ಗೊತ್ತಾಗುವುದು ಕಾಲಲ್ಲಿ. ಇದು ನನ್ನ ಮಕ್ಕಳು ತಿನ್ನುವ ಗಿಡ ಹೌದೋ ಅಲ್ಲವೋ ಅಂತ ನೋಡುತ್ತಿರುತ್ತದೆ. ಹೌದು ಅನ್ನಿಸಿದರೆ ಹೊಟ್ಟೆಯ ತುದಿ ಬಗ್ಗಿಸಿ ಒಂದೇ ಒಂದು ದುಂಡನೆ ಮೊಟ್ಟೆ ಅಂಟಿಸಿ ಮುಂದಿನ ಎಲೆಗೆ ಹೋಗುತ್ತದೆ. ಹೀಗೆ ತಟ್ಟುವುದನ್ನು ಒಮ್ಮೆ ಹತ್ತಿರದಿಂದ ನೋಡಿದರೆ, ಆಮೇಲೆ ಯಾವ ಚಿಟ್ಟೆ ಮಾಡಿದರೂ ನಿಮಗೆ ಗುರುತು ಸಿಗುತ್ತದೆ.

ಮೊಟ್ಟೆಯಿಂದ ಬಂದ ಹುಳು ಮೊದಮೊದಲು ಥೇಟ್ ಹಕ್ಕಿಯ ಹಿಕ್ಕೆ. ಕಂದು, ಮಧ್ಯೆ ಬಿಳಿ ಪಟ್ಟೆ, ಮೈಯೆಲ್ಲ ಒದ್ದೆ ಒದ್ದೆ ಹೊಳಪು. ಎಲೆಯ ಮೇಲೆ ಬಿಸಿಲಲ್ಲೇ ರಾಜಾರೋಷವಾಗಿ ಕೂತಿರುತ್ತದೆ, ಯಾವ ಹಕ್ಕಿಯೂ ಮೂಸುವುದಿಲ್ಲ. ಪೊರೆ ಬಿಡುತ್ತಾ ಬಿಡುತ್ತಾ ದೊಡ್ಡದಾಗಿ, ಕೊನೇ ಹಂತದಲ್ಲಿ ಎಲೆ ಹಸಿರು ಬಣ್ಣಕ್ಕೆ ತಿರುಗುತ್ತದೆ. ಹಿಕ್ಕೆ ಅಷ್ಟು ದೊಡ್ಡದಿದ್ದರೆ ಯಾರೂ ನಂಬುವುದಿಲ್ಲ ನೋಡಿ! ಆಗ ಅದರ ಕತ್ತಿನ ಹಿಂದೆ ಎರಡು ಸುಳ್ಳು ಕಣ್ಣು ಇರುತ್ತವೆ. ಬೆರಳಿಂದ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬೊಂದು ಫಕ್ಕನೆ ಹೊರಗೆ ಬರುತ್ತದೆ, ಜೊತೆಗೆ ಹುಳಿ ಹುಳಿ ಘಾಟು ವಾಸನೆ. ಇರುವೆಯಂಥ ಶತ್ರುಗಳನ್ನು ಓಡಿಸುವ ಉಪಾಯ ಅದು. ನಮಗೆ ಏನೂ ಆಗುವುದಿಲ್ಲ, ಮಕ್ಕಳಿಗೆ ತೋರಿಸಬಹುದು, ಪದೇ ಪದೇ ಬೇಡ. ಮೊಟ್ಟೆಯಿಂದ ಚಿಟ್ಟೆಯವರೆಗೆ ಹತ್ತಿರ ಹತ್ತಿರ ಒಂದೂವರೆ ತಿಂಗಳು ಹಿಡಿಯುತ್ತದೆ.

ಇಲ್ಲಿ ಕೈತೋಟದವರಿಗೆ ಒಂದು ಮಾತು. ಕುಂಡದ ನಿಂಬೆ ಗಿಡದಲ್ಲಿ ಹುಳು ಕಂಡರೆ ಅದು ಹೆಚ್ಚಾಗಿ ಲೈಮ್ ಚಿಟ್ಟೆಯದೋ ಕಾಮನ್ ಮಾರ್ಮನ್‌ದೋ ಆಗಿರುತ್ತದೆ. ಬ್ಲೂ ಮಾರ್ಮನ್‌ಗೆ ಸ್ವಲ್ಪ ನೆರಳು, ಸ್ವಲ್ಪ ದೊಡ್ಡ ಗಿಡ ಇದ್ದರೆ ಇಷ್ಟ. ಹಿತ್ತಲಲ್ಲಿ ಚಕ್ಕೋತದ ಮರ ಇರುವವರು ಅದೃಷ್ಟವಂತರು. ಯಾವುದೇ ಆಗಲಿ, ಎರಡು ಮೂರು ಹುಳು ಸೇರಿದರೆ ಸಣ್ಣ ಗಿಡವನ್ನು ಬೋಳು ಮಾಡಿಬಿಡುತ್ತವೆ. ನಿಂಬೆಯೂ ಬೇಕು, ಚಿಟ್ಟೆಯೂ ಬೇಕು ಅಂದರೆ ಎರಡು ಗಿಡ ಇಡಿ. ನರ್ಸರಿಯಿಂದ ತಂದ ಹೊಸ ಗಿಡಕ್ಕೆ ಔಷಧಿ ಹೊಡೆದಿರುವ ಸಾಧ್ಯತೆ ಇರುತ್ತದೆ. ಕೆಲವು ಔಷಧಿ ಗಿಡದ ರಸದಲ್ಲೇ ಸೇರಿಕೊಂಡಿರುತ್ತದೆ, ಎಲೆ ತೊಳೆದರೆ ಹೋಗುವಂಥದ್ದಲ್ಲ. ಹುಳು ಹುಟ್ಟಿ ಎರಡೇ ದಿನಕ್ಕೆ ಸಾಯುತ್ತಿದ್ದರೆ ಇದೂ ಒಂದು ಕಾರಣ ಇರಬಹುದು. ಹೊಸ ಚಿಗುರು ಬರುವ ತನಕ ಕಾಯಿರಿ.

ಈಗ ಟೈಗರ್‌ಗಳ ಕಡೆ ಬರೋಣ. ಬ್ಲೂ ಟೈಗರ್ ಮತ್ತು ಡಾರ್ಕ್ ಬ್ಲೂ ಟೈಗರ್. ಬ್ಲೂ ಮಾರ್ಮನ್‌ಗಿಂತ ಚಿಕ್ಕವು, 9-10 ಸೆಂಟಿಮೀಟರ್. ಕಪ್ಪು ರೆಕ್ಕೆಯ ಮೇಲೆ ಬುಡದಿಂದ ಹೊರಟ ತಿಳಿನೀಲಿ ಗೆರೆಗಳು, ಅಂಚಿನ ಕಡೆ ಚುಕ್ಕಿಗಳು. ಬ್ಲೂ ಟೈಗರ್‌ನಲ್ಲಿ ಗೆರೆ ಅಗಲ, ನೀಲಿ ಜಾಸ್ತಿ. ಡಾರ್ಕ್‌ನಲ್ಲಿ ಗೆರೆ ಸಣ್ಣ, ಕಪ್ಪು ಜಾಸ್ತಿ. ಒಂದನ್ನೇ ನೋಡುವಾಗ ಅನುಮಾನ ಬರುತ್ತದೆ. ಎರಡೂ ಒಂದೇ ಹೂವಿನ ಮೇಲೆ ಕೂತರೆ ಅನುಮಾನವೇ ಇಲ್ಲ.

ಇವುಗಳ ಹಾರಾಟ ಭಾರಿ ನಿಧಾನ. ರೆಕ್ಕೆ ಎರಡು ಸಲ ಬಡಿಯುತ್ತವೆ, ಸ್ವಲ್ಪ ತೇಲುತ್ತವೆ. ಅವಸರ ಯಾಕಿಲ್ಲ ಅಂದರೆ ಇವುಗಳ ಮೈ ಕಹಿ. ಒಮ್ಮೆ ತಿಂದ ಹಕ್ಕಿ ಮತ್ತೆ ತಿನ್ನುವುದಿಲ್ಲ. ಆ ವಿಷದಲ್ಲಿ ದೊಡ್ಡ ಪಾಲು ಇವುಗಳಿಗೆ ಸಿಗುವುದು ದೊಡ್ಡವಾದ ಮೇಲೆ, ಗಿಡಗಳಿಂದ. ಚೇಳುಕೊಂಡಿ ಗಿಡ ಗೊತ್ತಲ್ವಾ? ಕೆರೆ ಅಂಚಿನಲ್ಲಿ, ಖಾಲಿ ಸೈಟಿನಲ್ಲಿ ಬೆಳೆಯುತ್ತದೆ, ಹೂವಿನ ಗೊಂಚಲು ಚೇಳಿನ ಕೊಂಡಿಯಂತೆ ಸುರುಳಿ ಸುತ್ತಿರುತ್ತದೆ. ಅದು, ಮತ್ತೆ ಒಣಗಿದಾಗ ಕಾಯಿ ಗಿಲಗಿಲ ಅನ್ನುವ ಆ ಹಳದಿ ಹೂವಿನ ಗಿಡಗಳು. ಇವುಗಳ ಬಾಡಿದ ಎಲೆ ಕಾಂಡದಿಂದ ರಸ ಹೀರುವುದಕ್ಕೆ ಟೈಗರ್‌ಗಳು ಮುತ್ತಿಕೊಳ್ಳುತ್ತವೆ. ಅದರಲ್ಲೂ ಗಂಡುಗಳು. ಮೈಗೆ ಕಹಿ ಸಿಗುವುದು ಒಂದು ಲಾಭ, ಆ ರಸದಿಂದಲೇ ಹೆಣ್ಣನ್ನು ಸೆಳೆಯುವ ವಾಸನೆ ತಯಾರಾಗುವುದು ಇನ್ನೊಂದು. ಗಂಡಿನ ಹಿಂದಿನ ರೆಕ್ಕೆಯ ಕೆಳಭಾಗ ಗಮನಿಸಿ ನೋಡಿದರೆ ಒಂದು ಪುಟ್ಟ ಉಬ್ಬು ಕಾಣುತ್ತದೆ, ಜೇಬಿನ ಥರ. ವಾಸನೆಯ ಕಾರುಬಾರು ಅಲ್ಲಿ. ಹೆಣ್ಣಿಗೆ ಅದಿಲ್ಲ. ಹೂವಿನ ಮೇಲೆ ರೆಕ್ಕೆ ಮುಚ್ಚಿ ಕೂತಾಗ ಮೊಬೈಲಿನಲ್ಲಿ ಜೂಮ್ ಮಾಡಿದರೂ ಸಾಕು, ಸಿಗುತ್ತದೆ.

ನೀವೇ ಮಾಡಿ ನೋಡಬಹುದು. ಒಂದು ಚೇಳುಕೊಂಡಿ ಗಿಡ ಕಿತ್ತು ಬಾಲ್ಕನಿಯಲ್ಲಿ ತಲೆಕೆಳಗಾಗಿ ನೇತುಹಾಕಿ, ಬಾಡಲಿ. ಸೀಸನ್ ಇದ್ದರೆ ಟೈಗರ್‌ಗಳು ತಾವಾಗಿಯೇ ಹುಡುಕಿಕೊಂಡು ಬರುತ್ತವೆ. ಹೂವಿನ ಗಿಡ ತರುವುದಕ್ಕೆ ಸಾವಿರಾರು ರೂಪಾಯಿ ಖರ್ಚು ಮಾಡುವ ಮೊದಲು ಈ ಬಿಟ್ಟಿ ಪ್ರಯೋಗ ಮಾಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಸೀಸನ್ ಅಂದೆನಲ್ಲ, ಅದನ್ನು ಬಿಡಿಸಿ ಹೇಳಬೇಕು. ತಿಂಗಳು ಯಾವುದು ಅಂತ ಕೇಳುವುದೇ ಇದಕ್ಕೆ. ಏಪ್ರಿಲ್‌ನಿಂದ ಜೂನ್ ಒಳಗೆ, ಮುಂಗಾರು ಹಿಡಿಯುವುದಕ್ಕೆ ಮುಂಚೆ, ಬೆಂಗಳೂರಿನ ಮೇಲೆ ಚಿಟ್ಟೆಗಳು ಗುಂಪುಗುಂಪಾಗಿ ಹೋಗುತ್ತವೆ. ಒಂದರ ಹಿಂದೆ ಒಂದು, ಎಲ್ಲವೂ ಒಂದೇ ದಿಕ್ಕಿಗೆ, ಪಶ್ಚಿಮದಿಂದ ಪೂರ್ವಕ್ಕೆ. ಅಕ್ಟೋಬರ್, ನವೆಂಬರ್‌ನಲ್ಲಿ ವಾಪಸ್ ಪಶ್ಚಿಮಕ್ಕೆ. ಈ ಗುಂಪಿನಲ್ಲಿ ಡಾರ್ಕ್ ಬ್ಲೂ ಟೈಗರ್, ಬ್ಲೂ ಟೈಗರ್, ಕಾಮನ್ ಕ್ರೋ, ಡಬಲ್ ಬ್ರಾಂಡೆಡ್ ಕ್ರೋ ಇರುತ್ತವೆ. ಕ್ರೋ ಅಂದರೆ ಕಪ್ಪುಕಂದು, ಅಂಚಿಗೆ ಬಿಳಿ ಚುಕ್ಕಿ. ಕಾಮನ್ ಕ್ರೋದ ಕೋಶವನ್ನು ಕಣಗಿಲೆ ಗಿಡದಲ್ಲಿ ನೋಡಿರುತ್ತೀರಿ, ಕನ್ನಡಿಯಂತೆ ಫಳಫಳ ಹೊಳೆಯುತ್ತದಲ್ಲ, ಅದೇ.

ಯಾಕೆ ಹೀಗೆ ಅತ್ತಿಂದಿತ್ತ? ಘಟ್ಟದ ಮಳೆ ನೆನಪಿಸಿಕೊಳ್ಳಿ. ಆಗುಂಬೆಯಂಥ ಕಡೆ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಜಾಸ್ತಿ ಬೀಳುತ್ತದೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬೆಂಗಳೂರಿಗೆ ವರ್ಷವಿಡೀ ಸೇರಿ ಸುಮಾರು 1,000. ಚಿಟ್ಟೆಗೆ ಹಾರುವುದಕ್ಕೆ ಬಿಸಿಲು ಬೇಕೇ ಬೇಕು. ತಿಂಗಳುಗಟ್ಟಲೆ ಬಿಸಿಲೇ ಇಲ್ಲದ ಜಾಗ ಬಿಟ್ಟು ಈ ಕಡೆ ಬಯಲಿಗೆ, ಪೂರ್ವ ಘಟ್ಟಕ್ಕೆ ಇಳಿಯುತ್ತವೆ. ಇಲ್ಲಿ ಹದವಾದ ಮಳೆಗೆ ಗಿಡ ಚಿಗುರಿರುತ್ತದೆ. ಇಲ್ಲಿ ಒಣಗುವ ಹೊತ್ತಿಗೆ ಮತ್ತೆ ಘಟ್ಟ. ನಮ್ಮ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲೇ ಇರುವ ಎನ್‌ಸಿಬಿಎಸ್ ಅನ್ನುವ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯವರು ಈ ವಲಸೆಯ ಮೇಲೆ ಕೆಲಸ ಮಾಡಿದ್ದಾರೆ. ದಾರಿಯಲ್ಲಿರುವ ಹೆಣ್ಣುಗಳಲ್ಲಿ ಬಹುತೇಕ ಬಲಿತ ಮೊಟ್ಟೆ ಇರುವುದಿಲ್ಲ. ಮೊದಲು ಪ್ರಯಾಣ, ಸಂಸಾರ ಆಮೇಲೆ.

ಹಾಗಾಗಿ ಮೇ ತಿಂಗಳಲ್ಲಿ ನಿಮ್ಮ ಅಪಾರ್ಟ್‌ಮೆಂಟಿನ ಆರನೇ ಮಹಡಿಯ ಮುಂದೆ ನೀಲಿಗೆರೆಯ ಕಪ್ಪು ಚಿಟ್ಟೆಗಳು ಸಾಲಾಗಿ ಪೂರ್ವಕ್ಕೆ ಹೋಗುತ್ತಿದ್ದರೆ, ಫೋಟೋ ಇಲ್ಲದಿದ್ದರೂ ಪರವಾಗಿಲ್ಲ, ಅದು ಟೈಗರ್ ಗುಂಪೇ.

ಆದರೆ ಒಂಟಿಯಾಗಿ ಕೂತಿದ್ದರೆ ಹುಷಾರು. ಕಾಮನ್ ಮೈಮ್ ಅಂತ ಒಂದಿದೆ. ಅದು ಮಾರ್ಮನ್‌ಗಳ ಕುಟುಂಬದ್ದು. ವಿಷ ಗಿಷ ಏನೂ ಇಲ್ಲ, ಹಕ್ಕಿಗೆ ಒಳ್ಳೇ ಊಟ. ಬದುಕಿಕೊಳ್ಳುವುದಕ್ಕೆ ಅದು ವೇಷ ಹಾಕುತ್ತದೆ. ಒಂದು ವೇಷ ಬ್ಲೂ ಟೈಗರ್‌ದು, ಇನ್ನೊಂದು ಕ್ರೋದು. ಹಾರಾಟವೂ ಅದೇ ನಿಧಾನ. ಹೆದರಿಸಿದರೆ ಮಾತ್ರ ವೇಷ ಮರೆತು ರಪ್ಪನೆ ಓಡುತ್ತದೆ. ಕೂತಾಗ ಗುರುತಿಸುವ ಉಪಾಯ ಒಂದಿದೆ, ನನಗೆ ಬಹಳ ಇಷ್ಟವಾದದ್ದು. ಕಾಲು ಎಣಿಸಿ. ಟೈಗರ್, ಕ್ರೋಗಳು ನಾಲ್ಕೇ ಕಾಲ ಮೇಲೆ ನಿಂತಿರುತ್ತವೆ. ಮುಂದಿನ ಎರಡು ಕಾಲು ಮೊಟಕಾಗಿ ಎದೆಗೆ ಅಂಟಿಕೊಂಡಿರುತ್ತವೆ. ಮೈಮ್ ಆರು ಕಾಲನ್ನೂ ಊರಿರುತ್ತದೆ. ರೆಕ್ಕೆಗೆ ಎಷ್ಟು ಬಣ್ಣ ಬಳಿದುಕೊಂಡರೂ ಕಾಲಿನ ಲೆಕ್ಕ ತಪ್ಪಿಸುವುದಕ್ಕೆ ಆಗುವುದಿಲ್ಲ. ಹಿಂದಿನ ರೆಕ್ಕೆಯ ಅಂಚಿನಲ್ಲಿ ಅದಕ್ಕೆ ಹಳದಿ ಗುರುತುಗಳ ಸಾಲೂ ಇರುತ್ತದೆ.

ಕಪ್ಪು-ನೀಲಿ ಅಂದಾಗ ಜನ ಮೊದಲು ನೆನೆಯದೇ ಇರುವ, ಆದರೆ ನೋಡಿದವರು ಮರೆಯದ ಚಿಟ್ಟೆ ಗ್ರೇಟ್ ಎಗ್‌ಫ್ಲೈ. ಗಂಡು ಮಖಮಲ್ ಕಪ್ಪು. ಪ್ರತಿ ರೆಕ್ಕೆಯಲ್ಲೂ ಒಂದು ದೊಡ್ಡ ಬಿಳಿ ಮಚ್ಚೆ, ಅದರ ಸುತ್ತ ನೀಲಿ-ನೇರಳೆ ಹೊಳಪು. ಲಾಲ್‌ಬಾಗಿನಲ್ಲಿ ಬಿಸಿಲು ಬೀಳುವ ಒಂದು ಎಲೆ ಹಿಡಿದು ಅಲ್ಲೇ ಠಿಕಾಣಿ ಹೂಡುತ್ತದೆ. ಬೇರೆ ಚಿಟ್ಟೆ ಬಂದರೆ ಅಟ್ಟಿಸಿಕೊಂಡು ಹೋಗಿ, ತಿರುಗಿ ಅದೇ ಎಲೆಗೆ ಬರುತ್ತದೆ. ಹಾಗಾಗಿ ತಪ್ಪಿಹೋಯಿತು ಅಂತ ಬೇಜಾರು ಬೇಡ, ಕ್ಯಾಮೆರಾ ಹಿಡಿದು ಅಲ್ಲೇ ನಿಂತಿರಿ. ಹೆಣ್ಣು ಬೇರೆಯೇ, ಅದು ಕಾಮನ್ ಕ್ರೋ ವೇಷ. ಇದರದೇ ಬಳಗದ ಡನಾಯಿಡ್ ಎಗ್‌ಫ್ಲೈ ಇನ್ನೂ ಮಜಾ. ಗಂಡು ಕಪ್ಪು-ಬಿಳಿ-ನೀಲಿ, ಹೆಣ್ಣು ಕಿತ್ತಳೆ, ಪ್ಲೇನ್ ಟೈಗರ್ ವೇಷ. ಗಂಡ ಹೆಂಡತಿ ಅಂತ ಹೇಳಿದರೆ ಯಾರೂ ಒಪ್ಪುವುದಿಲ್ಲ. ಇದರ ಹುಳು ತಿನ್ನುವುದು ನಾವು ಸಾರು ಮಾಡುವ ಗೋಣಿ ಸೊಪ್ಪು.

ಸ್ವಲ್ಪ ದಾರಿ ತಪ್ಪುತ್ತೇನೆ, ಗ್ರೇಟ್ ಎಗ್‌ಫ್ಲೈ ವಿಷಯ ಬಂದಾಗ ಇದನ್ನು ಹೇಳದೇ ಇರಲಾರೆ. ಇದೇ ಚಿಟ್ಟೆ ಪೆಸಿಫಿಕ್ ಸಾಗರದ ಸಮೋವಾ ದ್ವೀಪಗಳಲ್ಲೂ ಇದೆ. ಅಲ್ಲಿ ಇದಕ್ಕೆ ವೋಲ್ಬಾಕಿಯ ಅನ್ನುವ ಬ್ಯಾಕ್ಟೀರಿಯಾ ತಗುಲಿತ್ತು. ತಾಯಿಯಿಂದ ಮೊಟ್ಟೆಗೆ ಹೋಗುತ್ತದೆ, ಗಂಡು ಮರಿಗಳನ್ನು ಮೊಟ್ಟೆಯಲ್ಲೇ ಕೊಲ್ಲುತ್ತದೆ. 2001ರಲ್ಲಿ ಸವಾಯಿ ಎಂಬ ದ್ವೀಪದಲ್ಲಿ ಗಂಡುಗಳು ಬರೀ ಶೇ. 1. ಐದು ವರ್ಷ ಬಿಟ್ಟು 2006ರಲ್ಲಿ ನೋಡಿದರೆ ಗಂಡುಗಳು ಸುಮಾರು ಶೇ. 40! ಬ್ಯಾಕ್ಟೀರಿಯಾ ಹೋಗಿರಲಿಲ್ಲ. ಅದರ ಆಟ ನಡೆಯದಂತೆ ಮಾಡುವ ಒಂದು ಗುಣ ಚಿಟ್ಟೆಗಳಲ್ಲಿ ಹಬ್ಬಿಬಿಟ್ಟಿತ್ತು. ಹತ್ತೇ ತಲೆಮಾರಿನಲ್ಲಿ. ವಿಕಾಸ ಅಂದರೆ ಲಕ್ಷಾಂತರ ವರ್ಷ ಅಂತ ನಾವು ಶಾಲೆಯಲ್ಲಿ ಕಲಿತಿದ್ದು, ಅಲ್ವಾ?

ವಾಪಸ್ ನೀಲಿಗೆ ಬರೋಣ. ಎಗ್‌ಫ್ಲೈನ ಆ ನೀಲಿ-ನೇರಳೆ ಉಂಗುರ ಒಂದು ಕಡೆಯಿಂದ ನೋಡಿದರೆ ಇರುತ್ತದೆ, ನೀವು ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಇರುವುದಿಲ್ಲ. ಬರೀ ಬಿಳಿ ಮಚ್ಚೆ ಉಳಿಯುತ್ತದೆ. ಯಾಕೆ? ಚಿಟ್ಟೆಯ ರೆಕ್ಕೆ ಮುಟ್ಟಿದರೆ ಕೈಗೆ ಪುಡಿ ಅಂಟುತ್ತದಲ್ಲ, ಅದು ಪುಡಿಯಲ್ಲ, ಸಣ್ಣ ಸಣ್ಣ ಹುರುಪೆಗಳು. ರೆಕ್ಕೆಯ ಮೇಲೆ ಹೆಂಚಿನ ಮನೆಯ ಸೂರಿನ ಥರ ಒಂದರ ಮೇಲೊಂದು ಸಾಲಾಗಿ ಜೋಡಿಸಿಕೊಂಡಿರುತ್ತವೆ. ಕಪ್ಪು, ಕಂದು ಹುರುಪೆಯಲ್ಲಿ ನಿಜವಾಗಿಯೂ ಬಣ್ಣ ಇದೆ. ಈ ನೀಲಿಯ ಹುರುಪೆಯಲ್ಲಿ ನೀಲಿ ಬಣ್ಣವೇ ಇಲ್ಲ. ಅದರ ಪದರ ಎಷ್ಟು ತೆಳು ಅಂದರೆ ಬೆಳಕು ಬಿದ್ದಾಗ ನೀಲಿಯೊಂದನ್ನೇ ಜೋರಾಗಿ ವಾಪಸ್ ಕಳಿಸುತ್ತದೆ. ಕೆಳಗೆ ಕಪ್ಪು ಇದ್ದರೆ ಮಿಕ್ಕ ಬೆಳಕನ್ನು ಅದು ನುಂಗಿಕೊಳ್ಳುತ್ತದೆ, ನೀಲಿ ಇನ್ನೂ ಎದ್ದು ಕಾಣುತ್ತದೆ. ಚಿಟ್ಟೆಗಳಲ್ಲಿ ಹೊಳೆಯುವ ನೀಲಿ ಎಲ್ಲಿದೆಯೋ ಅಲ್ಲೆಲ್ಲ ಪಕ್ಕದಲ್ಲೋ ಕೆಳಗೋ ಕಪ್ಪು ಇರುವುದು ಸುಮ್ನೆ ಅಲ್ಲ.

ಹಾಗಂತ ಎಲ್ಲ ನೀಲಿಯೂ ಹೀಗೆ ಅಂದುಕೊಳ್ಳಬೇಡಿ. ಬ್ಲೂಬಾಟಲ್ ಅಂತ ಇನ್ನೊಂದಿದೆ. ಕಪ್ಪು ರೆಕ್ಕೆ, ಮುಂದಿನ ರೆಕ್ಕೆಯ ತುದಿಯಿಂದ ಹಿಂದಿನ ರೆಕ್ಕೆಯ ತನಕ ಒಂದೇ ಉದ್ದನೆಯ ಹಸಿರುನೀಲಿ ಪಟ್ಟಿ. ಇದರ ಬಣ್ಣ ನಿಜವಾದ ಬಣ್ಣ, ಪಿತ್ತದಲ್ಲಿ ಇರುವಂಥ ಬಣ್ಣದ ಜಾತಿಯದು. ಯಾವ ಕಡೆಯಿಂದ ನೋಡಿದರೂ ಹಾಗೇ ಇರುತ್ತದೆ. ಅದಕ್ಕೇ ಫೋಟೋ ಕಳಿಸಿದವರನ್ನು ನಾನು ಕೇಳುತ್ತೇನೆ, ಚಿಟ್ಟೆ ತಿರುಗಿದಾಗ ನೀಲಿ ಹೋಯಿತಾ, ಇತ್ತಾ ಅಂತ.

ಬ್ಲೂಬಾಟಲ್ ಮಹಾ ಚುರುಕು. ಹೂವಿನ ಮೇಲೆ ಜೇನು ಹೀರುವಾಗಲೂ ರೆಕ್ಕೆ ನಡುಗುತ್ತಲೇ ಇರುತ್ತದೆ. ಸರಿಯಾಗಿ ನೋಡುವುದಕ್ಕೆ ಸಿಗುವುದು ಹಸಿಮಣ್ಣಿನ ಮೇಲೆ. ಬನ್ನೇರುಘಟ್ಟದ ಕಡೆ, ನಂದಿ ಬೆಟ್ಟದ ಬುಡದಲ್ಲಿ, ನೀರು ಇಂಗಿದ ಮರಳಿನ ಮೇಲೆ ಚಿಟ್ಟೆಗಳು ಗುಂಪಾಗಿ ಕೂತಿರುತ್ತವಲ್ಲ, ಅವು ನೀರಿಗಾಗಿ ಅಲ್ಲ, ಉಪ್ಪಿಗಾಗಿ. ಹೆಚ್ಚು ಕಡಿಮೆ ಎಲ್ಲವೂ ಗಂಡೇ. ಕೂಡುವಾಗ ಆ ಉಪ್ಪಿನಲ್ಲಿ ಒಂದು ಪಾಲು ಹೆಣ್ಣಿಗೆ ಹೋಗುತ್ತದೆ, ಮೊಟ್ಟೆಗೆ ಬೇಕು ಅದು. ಬ್ಲೂಬಾಟಲ್‌ನ ಹುಳು ತಿನ್ನುವುದು ದಾಲ್ಚಿನ್ನಿ ಜಾತಿಯ ಮರಗಳ ಎಲೆ. ಊರೊಳಗೆ ನಿಮಗೆ ಪಟ್ಟಿಯ ಬದಲು ಚುಕ್ಕಿ ಚುಕ್ಕಿ ಇರುವ, ಹಸಿರು ಅಥವಾ ಹಸಿರುನೀಲಿ ಚಿಟ್ಟೆ ಕಂಡರೆ ಅದು ಟೈಲ್ಡ್ ಜೇ ಅಥವಾ ಕಾಮನ್ ಜೇ. ಟೈಲ್ಡ್ ಜೇಗೆ ಹೆಸರಿಗೆ ತಕ್ಕ ಹಾಗೆ ಸಣ್ಣ ಬಾಲ, ಚುಕ್ಕಿ ಗಿಳಿಹಸಿರು. ಸಂಪಿಗೆ, ಸೀತಾಫಲ, ಮತ್ತೆ ಕಾಂಪೌಂಡ್ ಪಕ್ಕ ಕಂಬದ ಹಾಗೆ ಬೆಳೆಸುತ್ತಾರಲ್ಲ ಆ ಅಶೋಕ, ಇವು ಅದರ ಗಿಡಗಳು. ಬೆಂಗಳೂರಿನಲ್ಲಿ ಯಾವ ಬೀದಿಯಲ್ಲಿ ಇವಿಲ್ಲ ಹೇಳಿ?

ಬ್ಲೂ ಪ್ಯಾನ್ಸಿ ಬಗ್ಗೆ ಎರಡೇ ಮಾತು. 4-6 ಸೆಂಟಿಮೀಟರ್, ನೆಲಕ್ಕೆ ಅಂಟಿದಂತೆ ರೆಕ್ಕೆ ಹರಡಿ ಕೂರುತ್ತದೆ, ಗಂಡಿನ ಹಿಂದಿನ ರೆಕ್ಕೆ ಕಣ್ಣು ಕುಕ್ಕುವ ನೀಲಿ, ಅದರ ಮೇಲೆ ಕಣ್ಣಿನಂಥ ಚುಕ್ಕಿ. ಇದಕ್ಕೆ ತೋಟ ಬೇಡ. ಹೆಸರಘಟ್ಟದ ಹುಲ್ಲುಗಾವಲು, ತುರಹಳ್ಳಿಯ ಬಂಡೆ, ಮಣ್ಣು ಕಾಣುವ ಖಾಲಿ ಸೈಟು ಬೇಕು. ಖಾಲಿ ಜಾಗ ಕಂಡ ಕೂಡಲೇ ಸಸಿ ನೆಡಬೇಕು ಅನ್ನುವವರ ಜೊತೆ ನನ್ನ ಜಗಳ ಇರುವುದು ಇದಕ್ಕೇ. ಹುಲ್ಲು, ಕಲ್ಲು, ಬಿಸಿಲು ಇದ್ದ ಜಾಗವೂ ಒಂದು ಮನೆ.

ಇನ್ನು ಪುಟಾಣಿಗಳು. “ಬ್ಲೂ ಮಾರ್ಮನ್‌ನ ಮರಿ ನೋಡಿದೆ ಸರ್, ಹುಲ್ಲಿನ ಮೇಲೆ ಹಾರುತ್ತಿತ್ತು” ಅಂತ ಹೇಳುವವರಿದ್ದಾರೆ. ಚಿಟ್ಟೆಗೆ ಮರಿಚಿಟ್ಟೆ ಅಂತ ಇಲ್ಲ. ಬೆಳೆಯುವುದೆಲ್ಲ ಹುಳುವಾಗಿದ್ದಾಗ. ಕೋಶದಿಂದ ಹೊರಬಂದು ರೆಕ್ಕೆ ಒಣಗಿದ ಮೇಲೆ ಒಂದು ಮಿಲಿಮೀಟರ್ ಕೂಡ ದೊಡ್ಡದಾಗುವುದಿಲ್ಲ. ಹುಲ್ಲಿನ ಮೇಲೆ ಹಾರುವ ಎರಡು ಸೆಂಟಿಮೀಟರಿನ ನೀಲಿ ಚಿಟ್ಟೆ ಪೂರ್ತಿ ಬೆಳೆದ, ಮೊಟ್ಟೆ ಇಡುವ ಚಿಟ್ಟೆಯೇ. ಅವು ‘ಬ್ಲೂ’ಗಳ ದೊಡ್ಡ ಕುಟುಂಬ. ಮೇಲ್ಭಾಗ ನೀಲಿ, ಅಂಚು ಕಪ್ಪು. ಹೆಣ್ಣುಗಳಲ್ಲಿ ಕಪ್ಪುಕಂದೇ ಜಾಸ್ತಿ, ಬುಡದಲ್ಲಿ ಮಾತ್ರ ಸ್ವಲ್ಪ ನೀಲಿ. ಆದರೆ ಕೂತ ಕೂಡಲೇ ರೆಕ್ಕೆ ಮುಚ್ಚಿಬಿಡುತ್ತವೆ, ಕೆಳಭಾಗ ಬೂದು. ‘ನೀಲಿ ಚಿಟ್ಟೆ ಮಾಯವಾಯಿತು’ ಅನ್ನುವುದು ಇದಕ್ಕೆ. ಇವುಗಳನ್ನು ಗುರುತಿಸುವುದು ನೀಲಿಯಿಂದ ಅಲ್ಲ, ಆ ಬೂದಿನ ಮೇಲಿನ ಚುಕ್ಕಿ, ಗೆರೆಗಳಿಂದ. ಕೆಳಭಾಗದ ಫೋಟೋ ತೆಗೆಯದೇ ಎದ್ದು ಬರಬೇಡಿ.

ಇಲ್ಲೂ ಗಿಡ ಹಿಡಿಯಿರಿ, ಕೆಲಸ ಸಲೀಸು. ಕುಂಡದಲ್ಲಿ ತಾನಾಗೇ ಹುಟ್ಟುವ ಮೂರೆಲೆಯ ಹುಳಿ ಸೊಪ್ಪು ಇದ್ದರೆ ಪೇಲ್ ಗ್ರಾಸ್ ಬ್ಲೂ. ನೀಲಿ ಹೂವಿನ ಪ್ಲಂಬಾಗೊ ಬೇಲಿ ಇದ್ದರೆ ಜೀಬ್ರಾ ಬ್ಲೂ, ಕೆಳಭಾಗ ಹೆಸರಿನಂತೆಯೇ ಪಟ್ಟೆಪಟ್ಟೆ. ಅವರೆಕಾಯಿ ಇದ್ದರೆ ಪೀ ಬ್ಲೂ. ಡಿಸೆಂಬರ್, ಜನವರಿಯಲ್ಲಿ ಸೊಗಡು ಅವರೆ ಸುಲಿಯುತ್ತಾ ಕೂತಾಗ ಹುಳು ಸಿಗುತ್ತದಲ್ಲ, ಉದ್ದುದ್ದ ಇರುವ, ಸರಸರ ಹರಿದಾಡುವ ಹುಳುಗಳು ಪತಂಗದವು. ಅದರ ನಡುವೆ ಯಾವಾಗಲಾದರೂ ಒಂದು ಗಿಡ್ಡ, ಚಪ್ಪಟೆ, ತಲೆ ಯಾವುದು ಬಾಲ ಯಾವುದು ಅಂತ ಗೊತ್ತಾಗದ ಹಸಿರು ಹುಳು ಸಿಕ್ಕರೆ ಅದು ಪೀ ಬ್ಲೂ ಇರಬಹುದು. ಬಿಸಾಡಬೇಡಿ, ಒಂದು ಡಬ್ಬಿಗೆ ಹಾಕಿ ಅವರೆಕಾಳು ಕೊಡಿ. ಯುರೋಪು, ಆಫ್ರಿಕ, ಆಸ್ಟ್ರೇಲಿಯದವರೆಗೆ ಹಬ್ಬಿರುವ ಚಿಟ್ಟೆ ಅದು. ಕೂತಾಗ ಅದರ ಹಿಂದಿನ ರೆಕ್ಕೆ ನೋಡಿ. ತುದಿಯಲ್ಲಿ ಎರಡು ಕಪ್ಪು ಚುಕ್ಕಿ, ಪಕ್ಕದಲ್ಲಿ ಕೂದಲೆಳೆಯ ಬಾಲ. ರೆಕ್ಕೆಗಳನ್ನು ಮೇಲೆ ಕೆಳಗೆ ಉಜ್ಜುತ್ತಿದ್ದರೆ ಬಾಲ ಮೀಸೆಯಂತೆ ಅಲುಗುತ್ತದೆ. ಹಕ್ಕಿ ಅದೇ ತಲೆ ಅಂದುಕೊಂಡು ಅಲ್ಲಿಗೆ ಕುಕ್ಕುತ್ತದೆ. ಚಿಟ್ಟೆ ರೆಕ್ಕೆಯ ಚೂರು ಬಿಟ್ಟು ಪಾರಾಗುತ್ತದೆ. ಹಿಂಭಾಗ ಹರಿದ ಬ್ಲೂಗಳು ಅಷ್ಟೊಂದು ಕಾಣುವುದು ಇದಕ್ಕೇ.

ಅಪಾರ್ಟ್‌ಮೆಂಟಿನವರಿಗೆ ಕೊನೆಯದು, ಪ್ಲೇನ್ಸ್ ಕ್ಯೂಪಿಡ್. ಗೇಟಿನ ಎರಡೂ ಕಡೆ ಸೈಕಸ್ ನೆಟ್ಟಿರುತ್ತಾರಲ್ಲ, ಅದರ ಎಳೆ ಎಲೆಯೇ ಇದರ ಹುಳುವಿನ ಊಟ. ಸೈಕಸ್‌ನಲ್ಲಿ ಹೊಸ ಎಲೆಗಳು ಒಟ್ಟಿಗೇ ಬರುತ್ತವೆ, ಕೆಲವೇ ದಿನದಲ್ಲಿ ಗಟ್ಟಿಯಾಗುತ್ತವೆ. ಅಷ್ಟರೊಳಗೆ ತಿಂದು ಮುಗಿಸಬೇಕು. ಎಲೆ ಬಿಚ್ಚುವ ಮೊದಲೇ ಹೆಣ್ಣು ಬಂದು ಮೊಟ್ಟೆ ಇಟ್ಟಿರುತ್ತದೆ. ಹುಳುವಿನ ಜೊತೆ ಇರುವೆ ಇದ್ದೇ ಇರುತ್ತದೆ. ಹತ್ತಿರ ಹೋಗಿ ನೋಡಿ, ಇರುವೆ ಮೀಸೆಯಿಂದ ಹುಳುವಿನ ಬೆನ್ನು ಸವರುತ್ತಿರುತ್ತದೆ. ಹುಳುವಿನ ಹಿಂಭಾಗದ ಗ್ರಂಥಿಯಿಂದ ಒಂದು ಸಿಹಿ ಹನಿ ಬರುತ್ತದೆ, ಇರುವೆ ಕುಡಿಯುತ್ತದೆ. ಅದಕ್ಕೆ ಬದಲಾಗಿ ಕಣಜ, ಜೇಡ ಹತ್ತಿರ ಬರದಂತೆ ಕಾಯುತ್ತದೆ. ಮಾಲಿ ಇರುವೆ ನೋಡಿ ಔಷಧಿ ಹೊಡೆಯುತ್ತಾನೆ. ಎಲೆ ತಿಂದು ಕಂದಾಗುವುದು ನಿಜ, ಅಂದ ಕೆಡುತ್ತದೆ. ಆದರೆ ಒಂದು ಸಲ ಎಲೆ ಹೋದರೆ ಗಟ್ಟಿಮುಟ್ಟಾದ ಗಿಡ ಸಾಯುವುದಿಲ್ಲ, ಮುಂದಿನ ಸುತ್ತಿಗೆ ಮತ್ತೆ ಎಲೆ ಬಿಡುತ್ತದೆ. ಅಸೋಸಿಯೇಷನ್ ಮೀಟಿಂಗಿನಲ್ಲಿ ಇದನ್ನು ಹೇಳಿ ನೋಡಿ, ನಾನು ಹೇಳಿ ಗೆದ್ದದ್ದಿಲ್ಲ.

ಸಭಿಕರಿಂದ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಹಾಕಿದ್ದೇನೆ.

ಹಿರಿಯರೊಬ್ಬರು ಕೇಳಿದರು: “ನೋಡುವುದಕ್ಕೆ ಎಷ್ಟು ಹೊತ್ತಿಗೆ ಹೋಗಬೇಕು? ಬೆಳಿಗ್ಗೆ ಐದಕ್ಕೇ ವಾಕಿಂಗ್ ಹೋಗುತ್ತೇನೆ, ಒಂದೂ ಕಾಣುವುದಿಲ್ಲ.” ಐದಕ್ಕೆ ಹಕ್ಕಿ ನೋಡಿ. ಚಿಟ್ಟೆ ಬಿಸಿಲು ಕಾಯಿಸಿಕೊಂಡು ಮೈ ಬಿಸಿಯಾದ ಮೇಲೇ ಹಾರುವುದು. ಕಾಫಿ, ತಿಂಡಿ ಮುಗಿಸಿಕೊಂಡು ಒಂಬತ್ತಕ್ಕೆ ಹೊರಡಿ, ಹನ್ನೊಂದರ ತನಕ ಒಳ್ಳೇ ಹೊತ್ತು. ಲಾಲ್‌ಬಾಗ್, ಕಬ್ಬನ್ ಪಾರ್ಕ್ ಸಾಕು. ದೊಡ್ಡವನ್ನು ಹತ್ತಿರದಿಂದ ನೋಡಬೇಕಾದರೆ 2006ರಲ್ಲಿ ಶುರುವಾದ ಬನ್ನೇರುಘಟ್ಟದ ಚಿಟ್ಟೆ ಪಾರ್ಕಿದೆ, ಮೊಮ್ಮಕ್ಕಳನ್ನೂ ಕರೆದುಕೊಂಡು ಹೋಗಿ.

ಹುಡುಗಿಯೊಬ್ಬಳು ಮೊಬೈಲ್ ತೋರಿಸಿ ಕೇಳಿದಳು: “ಇದು ಕಪ್ಪು-ನೀಲಿ ಇದೆ, ಹಗಲಲ್ಲೇ ಹೂವಿನ ಮೇಲಿತ್ತು, ಯಾವ ಚಿಟ್ಟೆ?” ಅದರ ಮೀಸೆ ನೋಡಮ್ಮ. ಚಿಟ್ಟೆಯ ಮೀಸೆಯ ತುದಿ ಬೆಂಕಿಕಡ್ಡಿಯ ತಲೆಯಂತೆ ದಪ್ಪ ಇರುತ್ತದೆ. ಇದರದ್ದು ತುದಿಯವರೆಗೂ ಸಣ್ಣಗೇ ಹೋಗಿದೆ. ರೆಕ್ಕೆಯಲ್ಲಿ ಗಾಜಿನ ಕಿಟಕಿಯಂಥ ಜಾಗಗಳಿವೆ, ಹೊಟ್ಟೆಯ ಸುತ್ತ ಹಳದಿ ಪಟ್ಟಿ ಇದೆ. ಕಣಜದ ವೇಷ ಹಾಕಿದ, ಹಗಲು ಹಾರುವ ಪತಂಗ ಇದು. ಪತಂಗ ಅಂದರೆ ರಾತ್ರಿ ಮಾತ್ರ ಅಂತ ಏನಿಲ್ಲ. ಮೇಲಿಂದ ತೆಗೆದಿದ್ದೀಯ, ಚೆನ್ನಾಗಿದೆ. ಮುಂದಿನ ಸಲ ಪಕ್ಕದಿಂದ ಒಂದು, ಗಿಡದ್ದೊಂದು ತೆಗೆದು ಕಳಿಸು.